ಔಷಧದ ಡಬ್ಬಿಗೆ ಚೀಟಿ ಬೇಡವೇ?

ಹೋಟೆಲಿನ ಉಗ್ರಾಣದಲ್ಲಿ ಬೆಳೆದವರು ನಾವು. ಉಪ್ಪಿನ ಮಗ್ಗುಲಲ್ಲಿ ಅಡಿಗೆ ಸೋಡಾ ಇಟ್ಟು, ಡಬ್ಬಿಗೆ ಚೀಟಿ ಅಂಟಿಸದ ಮಾಣಿಗೆ ಭಟ್ಟರಿಂದ ಏನು ಸಿಗುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಸಾಂಬಾರು ಕೆಟ್ಟರೆ ಚೆಲ್ಲಬಹುದು. ಹೊಟ್ಟೆಗೆ ಹೋದ ಔಷಧವನ್ನು ಚೆಲ್ಲುವುದೆಲ್ಲಿ?

ಕಳೆದ ತಿಂಗಳು ಸಂಗಡಿಗರೊಬ್ಬರನ್ನು ನೋಡಲು ಮುಂಬಯಿಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋಗಿದ್ದೆವು. ಸಕ್ಕರೆ ಕಾಯಿಲೆಯವರು. ಅವರ ಇನ್ಸುಲಿನ್ ಸೀಸೆ, ನೌಕರರ ಊಟದ ಡಬ್ಬಿಗಳಿದ್ದ ಫ್ರಿಜ್ಜಿನಲ್ಲಿ ಮಂಜುಗಡ್ಡೆಯ ಖಾನೆಗೆ ತಾಗಿಕೊಂಡಿತ್ತು. ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ. ಒಡೆದ ಸೀಸೆ ಸಾಮಾನ್ಯವಾಗಿ 28 ದಿನಕ್ಕೆ ಮುಗಿಯಿತು. ಒಡೆದ ತಾರೀಖನ್ನೇ ಬರೆಯದಿದ್ದರೆ ಎಣಿಸುವುದು ಎಲ್ಲಿಂದ?

ಮೇಜಿನ ತಟ್ಟೆಯಲ್ಲಿ ಕತ್ತರಿಸಿದ ಮಾತ್ರೆ ಪಟ್ಟಿಯ ತುಂಡುಗಳು. ಅವಧಿ ಮುಗಿಯುವ ತಿಂಗಳೂ ಬ್ಯಾಚ್ ನಂಬರೂ ಎಷ್ಟೋ ಪಟ್ಟಿಗಳಲ್ಲಿ ಒಂದೇ ತುದಿಗೆ ಇರುತ್ತವೆ. ಆ ತುದಿಯೇ ಮೊದಲು ಕಸದ ಬುಟ್ಟಿ ಸೇರಿತ್ತು. ಯಾವುದು ಯಾರದೆಂದು ಹೇಗೆ ಗೊತ್ತಾಗುತ್ತದಮ್ಮ ಎಂದು ಆಯಾ ಅವರನ್ನು ಕೇಳಿದೆವು.

“ಬಣ್ಣಾ ನೋಡಿ ಕೊಡ್ತೀನ್ರಿ ಅಣ್ಣಾರ.”

ಕಲಬುರಗಿ ಕಡೆಯ ತಾಯಿ. 12 ಗಂಟೆಯ ರಾತ್ರಿ ಪಾಳಿ. ಇಂಗ್ಲಿಷ್ ಅಕ್ಷರ ಬಾರದು. ಅವರನ್ನು ನಾವು ದೂರುವುದಿಲ್ಲ. ಔಷಧ ಕೊಡುವುದು ಅವರ ಕೆಲಸವೇ ಅಲ್ಲ. ಕಲಿತ ನರ್ಸಿನ ಪಗಾರ ಉಳಿಸಲು ಧಣಿಗಳು ಅವರ ಕೈಗೆ ತಟ್ಟೆ ಕೊಟ್ಟಿದ್ದಾರೆ. ನಾಳೆ ಎಡವಟ್ಟಾದರೆ ಮನೆಗೆ ಹೋಗುವವರು ಮಾತ್ರ ಇದೇ ತಾಯಿ.

ಕಾನೂನು ಇಲ್ಲವೆಂದಲ್ಲ. ಔಷಧದ ಲೇಬಲಿನಲ್ಲಿ ಏನೇನಿರಬೇಕೆಂದು 1945ರ ನಿಯಮಗಳು ಹೇಳುತ್ತವೆ. ನರ್ಸಿಂಗ್ ಹೋಮುಗಳ ನೋಂದಣಿಗೆ 1949ರ ಕಾಯಿದೆಯಿದೆ. ಮುಂಬಯಿಯಲ್ಲಿ ಅದು ಮಹಾನಗರಪಾಲಿಕೆಯ ಜವಾಬ್ದಾರಿ. ಕಾರ್ಖಾನೆಯಿಂದ ಹೊರಟ ಲೇಬಲ್ ವಾರ್ಡಿನ ಕತ್ತರಿಗೆ ಸಿಕ್ಕಮೇಲೆ ಕೇಳುವವರು ಯಾರು?

ಮಾತ್ರೆಯದು ಹೋಗಲಿ, ಇನ್ನೂ ಭಯಂಕರವಾದದ್ದಿದೆ. ಗಟ್ಟಿ ಪೊಟ್ಯಾಸಿಯಂ ಕ್ಲೋರೈಡು ಕಣ್ಣಿಗೆ ಬರಿಯ ನೀರು. ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಲ್ಲಬಹುದು. ಅಂಥದ್ದನ್ನು ಇಂಜೆಕ್ಷನ್ನಿನ ನೀರಿನ ಜೊತೆ ಒಂದೇ ತಟ್ಟೆಯಲ್ಲಿಡುವುದು ಶುದ್ಧ ಹುಚ್ಚುತನ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದ ಹಾನಿ ತಡೆಯುವ ಕಾರ್ಯಕ್ರಮವನ್ನೇ ಆರಂಭಿಸಿತು.

ನಾವು ಕೇಳುವುದು ಅರಮನೆಯಲ್ಲ. ರೋಗಿಗೊಂದು ಹೆಸರು ಬರೆದ ಡಬ್ಬಿ, ಕಪಾಟಿಗೆ ಬೀಗ, ಔಷಧಕ್ಕೇ ಬೇರೆ ಫ್ರಿಜ್ಜು, ಒಳಗೊಂದು ಥರ್ಮಾಮೀಟರು. ಔಷಧ ಕೊಡಲು ಕಲಿತ ನರ್ಸು. ಕೋಣೆಯ ಬಾಡಿಗೆ ವಸೂಲು ಮಾಡುವಲ್ಲಿ ಇರುವ ಶಿಸ್ತಿನ ಅರ್ಧ ಸಾಕು.

ನರ್ಸಿಂಗ್ ಹೋಮುಗಳಲ್ಲಿ ದುಡಿಯುವ ಕನ್ನಡ ತಾಯಂದಿರೂ ವಾರ್ಡ್‌ಬಾಯ್ ತಮ್ಮಂದಿರೂ ಭಾನುವಾರ ಸಂಘದ ಕಚೇರಿಗೆ ಬನ್ನಿರಿ. ಕಂಡದ್ದನ್ನು ಹೇಳಿರಿ, ನಿಮ್ಮ ಹೆಸರು ಹೊರಗೆ ಹೋಗದು. ಪಾಲಿಕೆಗೆ ಅರ್ಜಿ ನಾವು ಬರೆಯುತ್ತೇವೆ.