ಕೈಮಗ್ಗದ ಚೀಟಿ, ಪವರ್‌ಲೂಮ್ ಸೀರೆ



ಲಗ್ನಸರಾಯಿ ಸಮೀಪಿಸಿತೆಂದರೆ ನಮ್ಮ ಸೋಲಾಪುರ, ಅಕ್ಕಲಕೋಟೆ ಕಡೆಯ ಮನೆಗಳಲ್ಲಿ ಬಸ್ತಾ ಕಟ್ಟುವ ಮಾತು ಶುರುವಾಗುತ್ತದೆ. ವರನ ಕಡೆಯವರು, ವಧುವಿನ ಕಡೆಯವರು, ಬಣ್ಣ ನೋಡಲು ನಾಲ್ಕು ಜನ ಹೆಣ್ಣುಮಕ್ಕಳು, ದರ ಮಾತಾಡಲು ಒಬ್ಬ ಹಿರಿಯರು, ಹೀಗೆ ಹತ್ತು ಹನ್ನೆರಡು ಜನ ಜವಳಿ ಅಂಗಡಿಯ ಗಾದಿಯ ಮೇಲೆ ಕುಳಿತರೆ ಸುಲಭಕ್ಕೆ ಏಳುವುದಿಲ್ಲ. ಸೂರ್ಯಾಸ್ತದೊಳಗೆ ಊಟ ಮುಗಿಸಬೇಕೆಂಬ ನಿಯಮ ನಮ್ಮಲ್ಲಿ ಇಲ್ಲದಿದ್ದರೆ ರಾತ್ರಿಯೂ ಎದ್ದಾರೆಂಬ ಭರವಸೆ ಇಲ್ಲ.

ಈ ಬಸ್ತಾದಲ್ಲಿ ಈಚೆಗೆ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಕಾಲೇಜು ಕಲಿತ ಹುಡುಗಿಯರು ಸೀರೆಯ ಸೆರಗು ಬಿಚ್ಚಿ ಹಿಡಿದು, "ಕಾಕಾ, ಇದು ಕೈಮಗ್ಗದ್ದೋ ಪವರ್‌ಲೂಮಿನದೋ?" ಎಂದು ಕೇಳುತ್ತಾರೆ. ಅವರ ತಾಯಂದಿರು ಇದನ್ನು ಕೇಳುತ್ತಿರಲಿಲ್ಲ. ಬಣ್ಣ ಬಿಡುತ್ತದೆಯೇ ಎಂದಷ್ಟೇ ಕೇಳುತ್ತಿದ್ದರು. ಕೈಯಿಂದ ಮಾಡಿದ್ದನ್ನು ಉಡಬೇಕೆಂಬ ಮನಸ್ಸು ಮಕ್ಕಳಿಗೆ ಬಂದದ್ದು ಬಹಳ ಚಲೋ ಆಯಿತು. ಆದರೆ ಗಿರಾಕಿಯ ಪ್ರಶ್ನೆ ಹೊಸದಾದ ಕೂಡಲೆ ಪೇಟೆಯ ಉತ್ತರವೂ ಹೊಸದಾಗಿದೆ. "ಹೂಂ ಅವ್ವಾ, ಶುದ್ಧ ಕೈಮಗ್ಗದ್ದು" ಎನ್ನುವುದಕ್ಕೆ ಖರ್ಚೇನೂ ಇಲ್ಲ. ಬೆಲೆ ಮಾತ್ರ ಇಮ್ಮಡಿಯಾಗುತ್ತದೆ. ಒಬ್ಬ ಠೋಕ ವ್ಯಾಪಾರಿಯಂತೂ ಸೀರೆಯ ಗಂಟಿನ ಜೊತೆಗೆ "ಕೈಮಗ್ಗ" ಎಂದು ಅಚ್ಚು ಹಾಕಿದ ಚೀಟಿಗಳನ್ನೂ ಕೊಡುತ್ತೇನೆಂದು ನನಗೇ ಹೇಳಿದ. ಸೀರೆ ಬೇರೆ, ಚೀಟಿ ಬೇರೆ, ಅಂಟಿಸುವುದು ನಿಮ್ಮ ಇಚ್ಛೆ ಎಂದ.

ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರೇ ಇದೆ. ಅಚೌರ್ಯಾಣುವ್ರತಕ್ಕೆ ಬರುವ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ದಶಲಕ್ಷಣ ಪರ್ವದಲ್ಲಿ ಪ್ರತಿವರ್ಷ ಕೇಳುತ್ತೇವೆ. ಅದರಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಅಸಲಿನಂತೆ ಕಾಣುವ ನಕಲನ್ನು ಅಸಲೆಂದು ಮಾರುವುದು ಎಂದರ್ಥ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನೇ ಸದೃಶಸನ್ಮಿಶ್ರ ಎಂದು ಕರೆದಿದ್ದಾರೆ, ಒಂದೇ ತರಹ ಕಾಣುವ ಕೀಳು ಮಾಲನ್ನು ಒಳ್ಳೆಯದರಲ್ಲಿ ಬೆರೆಸುವುದು. ಆಚಾರ್ಯರಿಗೆ ವ್ಯಾಪಾರ ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ! ಇನ್ನೊಂದು ಸಂಗತಿ ಗಮನಿಸಬೇಕು. ಇದನ್ನು ಅವರು ಸುಳ್ಳಿನ ಲೆಕ್ಕದಲ್ಲಿ ಇಟ್ಟಿಲ್ಲ, ಕಳ್ಳತನದ ಲೆಕ್ಕದಲ್ಲಿ ಇಟ್ಟಿದ್ದಾರೆ. ಹಾಗಾದರೆ ಯಾರದ್ದು ಕಳುವಾಯಿತು? ಗಿರಾಕಿಯದು ಎಂದು ಯಾರಾದರೂ ಹೇಳುತ್ತಾರೆ. ನನ್ನ ಎಣಿಕೆಯಲ್ಲಿ ಗಿರಾಕಿಗಿಂತ ಹೆಚ್ಚು ಕಳೆದುಕೊಂಡವನು ನೇಕಾರ. ಅದು ಹೇಗೆಂದು ತಿಳಿಯಬೇಕಾದರೆ ಮೊದಲು ಕೈಮಗ್ಗದಲ್ಲಿ ಏನು ನಡೆಯುತ್ತದೆಂದು ನೋಡಬೇಕು.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳೋಣ. ನಮ್ಮ ಗಡಿಯಲ್ಲಿ ಕನ್ನಡ ಮನೆಯವರೂ ಉಡುತ್ತಾರೆ, ಮರಾಠಿ ಮನೆಯವರೂ "ಇರಕಲ್" ಎಂದು ಕೇಳಿ ಒಯ್ಯುತ್ತಾರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ಊರಿನಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕುಣಿ ಮಗ್ಗದ ಮೇಲೆ ಇದನ್ನು ನೇಯುತ್ತಾರೆ. ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಕೈಯಿಂದ ಲಾಳಿ ಹೊಡೆಯುತ್ತಾನೆ. ಇದರ ವೈಶಿಷ್ಟ್ಯವಿರುವುದು ಸೆರಗಿನಲ್ಲಿ. ಕೆಂಪು ನೆಲದ ಮೇಲೆ ಬಿಳಿ ಹಲ್ಲುಹಲ್ಲಾಗಿ ಬರುವ ಟೋಪ್ ತೆನಿ ಸೆರಗಿಗೆ ಬೇರೆಯೇ ಹಾಸು, ಒಡಲಿಗೆ ಬೇರೆಯೇ ಹಾಸು. ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಸೀರೆಯ ಅಗಲದ ಉದ್ದಕ್ಕೂ ಇರುವ ಎಳೆಗಳಿಗೆಲ್ಲ ಹೀಗೆ ಕೊಂಡಿ ಹಾಕಬೇಕು. ಇದರಿಂದಾಗಿ ಇಪ್ಪತ್ತು ಮೂವತ್ತು ಸೀರೆಗೆ ಆಗುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಸುತ್ತಿ ಇಡಲು ಬರುವುದಿಲ್ಲ. ಆರುವಾರಿ ಇರಲಿ ಒಂಬತ್ತುವಾರಿ ಇರಲಿ, ಒಂದು ಸೀರೆಗೆ ಒಂದು ಹಾಸು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಕೊಂಡಿ. ಹಾಸು ಮಾಡುವುದು, ಕಂಡಿಕೆ ಸುತ್ತುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಸೀರೆಯ ಬಗೆಯ ಪ್ರಕಾರ ಮೂರು ನಾಲ್ಕು ದಿನದಿಂದ ವಾರದವರೆಗೆ ಇಡೀ ಮನೆಯ ದುಡಿಮೆ ಒಂದು ಸೀರೆಗೆ ಬೀಳುತ್ತದೆ.

ಪವರ್‌ಲೂಮಿನಲ್ಲಿ ಒಬ್ಬ ಆಳು ಏಕಕಾಲಕ್ಕೆ ಹಲವು ಮಗ್ಗ ನೋಡಿಕೊಳ್ಳುತ್ತಾನೆ. ಒಂದೇ ಉದ್ದನೆಯ ಹಾಸಿನ ಮೇಲೆ ಸೀರೆಗಳು ಒಂದರ ಹಿಂದೊಂದು ಇಳಿಯುತ್ತವೆ. ಬಣ್ಣ, ದಡಿ, ಸೆರಗಿನ ಹಲ್ಲು ಎಲ್ಲವನ್ನೂ ಹಾಗೆಯೇ ತರುತ್ತಾರೆ. ಕೊಂಡಿ ಮಾತ್ರ ಇರುವುದಿಲ್ಲ.

ಈಗ ಕಳುವಿನ ಲೆಕ್ಕಕ್ಕೆ ಬರುತ್ತೇನೆ. ಬರೇ ಉದಾಹರಣೆಗೆಂದು ಅಂಕಿ ಹಾಕುತ್ತೇನೆ, ಪೇಟೆ ದರ ಎಂದು ತಿಳಿಯಬೇಡಿ. ಪವರ್‌ಲೂಮ್ ನಕಲು ಅಂಗಡಿಗೆ 600 ರೂಪಾಯಿಗೆ ಬಿತ್ತೆನ್ನಿ. 750ಕ್ಕೆ ಮಾರಿದರೆ ಅದು ಸರಳ ವ್ಯಾಪಾರ. ಅದಕ್ಕೇ ಕೈಮಗ್ಗದ ಚೀಟಿ ಅಂಟಿಸಿ 1,800ಕ್ಕೆ ಮಾರಿದರೆ 1,200 ಗಳಿಕೆ. ಅದೇ ನೇಕಾರನ ಅಸಲಿ ಸೀರೆ ಅಂಗಡಿಗೆ 1,900ಕ್ಕೆ ಬೀಳುತ್ತದೆನ್ನಿ. 2,300ಕ್ಕೆ ಮಾರಿದರೆ 400 ಉಳಿಯಿತು, ಅದೂ ಬಂಡವಾಳ ಆರು ತಿಂಗಳು ಕಪಾಟಿನಲ್ಲಿ ಕುಳಿತ ಮೇಲೆ. ಇಷ್ಟಕ್ಕೇ ನಿಂತಿದ್ದರೆ ಒಬ್ಬ ಲೋಭಿ ವ್ಯಾಪಾರಿಯ ಕಥೆಯಾಗುತ್ತಿತ್ತು. ಆದರೆ ಗಿರಾಕಿಯ ತಲೆಯಲ್ಲಿ "ಕೈಮಗ್ಗದ ಇಳಕಲ್ ಎಂದರೆ 1,800" ಎಂಬ ದರ ಕುಳಿತುಬಿಡುತ್ತದೆ. ಮರುದಿನ ಪ್ರಾಮಾಣಿಕ ಅಂಗಡಿಯವನು 2,300 ಎಂದರೆ, "ಅಲ್ಲಿ ಕಡಿಮೆಗೆ ಸಿಗುತ್ತದಲ್ಲ ಕಾಕಾ" ಎಂದು ಎದ್ದು ಹೋಗುತ್ತಾರೆ. ಆತ ನೇಕಾರನ ಹತ್ತಿರ ಹೋಗಿ, ಪೇಟೆಯಲ್ಲಿ ದರ ಇಳಿದಿದೆ, 1,500ಕ್ಕೆ ಕೊಡು ಎನ್ನುತ್ತಾನೆ. ನೂಲಿನ ಬೆಲೆ ಇಳಿಯುವುದಿಲ್ಲ, ಬಣ್ಣದ ಬೆಲೆ ಇಳಿಯುವುದಿಲ್ಲ. ಇಳಿಯುವುದು ಕೂಲಿ ಒಂದೇ. ಹೀಗೆ ಖೋಟಾ ಸೀರೆಯೇ ಖರೆ ಸೀರೆಯ ದರ ಕಟ್ಟುತ್ತದೆ. ನೇಕಾರನ ಹೆಸರನ್ನೂ ಒಯ್ದರು, ಅವನ ಕೂಲಿಯನ್ನೂ ಒಯ್ದರು. ಇದು ಕಳ್ಳತನವಲ್ಲದೆ ಮತ್ತೇನು?

ಸರಕಾರದ ಕೈಮಗ್ಗ ಗಣತಿಯಲ್ಲಿ 2009-10ರಲ್ಲಿ ದೇಶದಲ್ಲಿ ನೇಕಾರರು ಮತ್ತು ಪೂರಕ ಕೆಲಸದವರು ಸೇರಿ 43.31 ಲಕ್ಷ ಜನ ಇದ್ದರು. 2019-20ರ ಗಣತಿಯಲ್ಲಿ 35.22 ಲಕ್ಷ. ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಜನ ಕೈಬಿಟ್ಟರು. ಇದಕ್ಕೆ ಕಾರಣ ಹಲವು ಇವೆ, ಎಲ್ಲವನ್ನೂ ಚೀಟಿಯ ಮೇಲೆ ಹಾಕುವುದು ನ್ಯಾಯವಲ್ಲ. ಆದರೆ ವ್ಯಾಪಾರಿಗಳಾದ ನಮ್ಮ ಕೈಯಲ್ಲಿರುವ ಕಾರಣ ಇದೊಂದೇ. ಕಾನೂನು ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯಿದೆ 1985ರಲ್ಲಿ ಬಂತು. ಮೊದಲು 22 ಬಗೆ ಇದ್ದದ್ದು ಆಮೇಲೆ 11ಕ್ಕೆ ಇಳಿಯಿತು. ಕೆಲವು ತರಹದ ಸೀರೆ, ಧೋತಿ, ಟವೆಲು, ಕಂಬಳಿ, ಶಾಲು ಅದರಲ್ಲಿವೆ. 2006ರಿಂದ ಸರಕಾರದ ಕೈಮಗ್ಗದ ಗುರುತಿನ ಚೀಟಿಯೂ ಇದೆ. ಕಾಯಿದೆ ಓದಿದವರು ಪೇಟೆಗೆ ಬರುವುದು ಅಪರೂಪ, ಅಷ್ಟೇ.

ಪವರ್‌ಲೂಮನ್ನು ನಾನು ಬಯ್ಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ಸೋಲಾಪುರದಲ್ಲಿ ಕುಳಿತು ಅದನ್ನು ಬಯ್ದರೆ ಉಂಡ ಮನೆಯನ್ನು ಬಯ್ದಂತೆ. ನಮ್ಮ ಸೋಲಾಪುರಿ ಚಾದರ ದೇಶವೆಲ್ಲ ಹೆಸರಾದದ್ದು, ಅದನ್ನು ನಂಬಿ ಸಾವಿರಾರು ಮನೆಗಳು ನಡೆಯುತ್ತಿವೆ. ಪವರ್‌ಲೂಮ್ ಬಟ್ಟೆಯನ್ನು ಪವರ್‌ಲೂಮ್ ಎಂದು ಹೇಳಿ, ಅದರ ದರಕ್ಕೆ ಮಾರಿದರೆ ಅದರಲ್ಲಿ ದೋಷವೇನೂ ಇಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಇಳಕಲ್ ಆದರೆ ಸೆರಗು ಮತ್ತು ಒಡಲು ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕೊಂಡಿಯ ಸಣ್ಣ ಗೆರೆ ಕಾಣಬೇಕು. ಉದ್ದ ಎಳೆಗಳು ಆ ಗೆರೆಯಿಂದಾಚೆಗೆ ಬಣ್ಣ ಬದಲಿಸಿರಬೇಕು. ಒಡಲಿನ ಎಳೆಯೇ ಸೆರಗಿನ ಕೊನೆಯ ತನಕ ಹರಿದಿದ್ದರೆ ಅದು ಕೊಂಡಿ ಸೀರೆಯಲ್ಲ. ದಡಿಯ ಅಂಚಿನಲ್ಲಿ ಸೂಜಿತೂತು ಇದ್ದರೆ ಕೈಮಗ್ಗ ಎಂದು ಕೆಲವರು ಹೇಳುತ್ತಾರೆ. ಅದನ್ನೊಂದನ್ನೇ ನಂಬಬೇಡಿ, ಪವರ್‌ಲೂಮಿನಲ್ಲೂ ಬಟ್ಟೆಯನ್ನು ಬಿಗಿ ಹಿಡಿಯುವ ಮುಳ್ಳುಗಳಿರುತ್ತವೆ. ಎಳೆ ಸುಟ್ಟು ನೋಡುವುದರಿಂದ ನೂಲು ಯಾವುದೆಂದು ತಿಳಿಯುತ್ತದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಗ್ಗ ಯಾವುದೆಂದು ಬೆಂಕಿ ಹೇಳುವುದಿಲ್ಲ. ಖಾದಿ ಮತ್ತು ಕೈಮಗ್ಗ ಒಂದೇ ಎಂದು ತಿಳಿದವರೂ ಬಹಳ ಇದ್ದಾರೆ. ಖಾದಿಯಲ್ಲಿ ನೂಲುವುದೂ ಕೈಯಿಂದಲೇ, ಕೈಮಗ್ಗದ ಬಟ್ಟೆಗೆ ನೂಲು ಹೆಚ್ಚಾಗಿ ಗಿರಣಿಯಿಂದ ಬರುತ್ತದೆ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ಪಾವತಿ. "ಕೈಮಗ್ಗ ಎಂದು ಬಿಲ್ಲಿನಲ್ಲಿ ಬರೆದು ಕೊಡಿರಿ" ಎನ್ನಿ. ಬಾಯಿಂದ ಹತ್ತು ಸಲ ಹೇಳಿದವನ ಪೆನ್ನು ಅಲ್ಲಿ ನಿಂತುಬಿಟ್ಟರೆ ನಿಮಗೆ ಉತ್ತರ ಸಿಕ್ಕಂತೆ.

ಒಂದು ಮಾತು ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಕೈಯಿಂದ ಮಾಡಿದ್ದೆಲ್ಲ ನಮಗೆ ಗ್ರಾಹ್ಯ ಎಂದಲ್ಲ. ರೇಷ್ಮೆ ಸೀರೆಯನ್ನು ಎಷ್ಟೇ ಕುಶಲ ನೇಕಾರ ನೇಯ್ದಿರಲಿ, ಅದರ ಹಿಂದೆ ಸಾವಿರಾರು ಗೂಡುಗಳನ್ನು ಹುಳು ಸಮೇತ ಬೇಯಿಸಿದ ಹಿಂಸೆ ಇದೆ. ಬಸ್ತಾದಲ್ಲಿ ಶಾಲೂಗೆ ರೇಷ್ಮೆಯೇ ಬೇಕೆಂದು ಹಟ ಹಿಡಿಯುವ ತಾಯಂದಿರು ಇದನ್ನು ವಿಚಾರ ಮಾಡಬೇಕು. ಇಳಕಲ್ಲಿನಲ್ಲಿ ಒಡಲು ಹತ್ತಿಯದು ಸಿಗುತ್ತದೆ, ದಡಿ ಸೆರಗಿಗೆ ಈಗ ರೇಷ್ಮೆಯ ಬದಲು ಚಮಕಾ ಹಾಕುವುದು ಸಾಮಾನ್ಯ. ರೇಷ್ಮೆ ಇಲ್ಲವೆಂದು ಕೆಲವರು ಅದನ್ನು ಕಡಿಮೆ ಮಾಡಿ ನೋಡುತ್ತಾರೆ. ನಮಗೆ ಬೇಕಾದದ್ದು ಅದೇ ಅಲ್ಲವೇ? ಆದರೆ ಅಲ್ಲಿಯೂ ಚಮಕಾವನ್ನು ರೇಷ್ಮೆ ಎಂದು ಮಾರುವವರಿದ್ದಾರೆ, ಎಚ್ಚರ.

ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಜನಿಸಿ, 2024ರ ಫೆಬ್ರವರಿಯಲ್ಲಿ ಡೊಂಗರಗಢದಲ್ಲಿ ಸಮಾಧಿ ಹೊಂದಿದ ಪರಮಪೂಜ್ಯ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು ತಮ್ಮ ಕೊನೆಯ ವರ್ಷಗಳಲ್ಲಿ ಕೈಮಗ್ಗದ ಪರವಾಗಿ ಎಷ್ಟು ಆಗ್ರಹದಿಂದ ಉಪದೇಶ ಕೊಟ್ಟರೆಂದು ಎಲ್ಲರಿಗೂ ಗೊತ್ತಿದೆ. ಅವರ ಪ್ರೇರಣೆಯಿಂದ ಮಧ್ಯಪ್ರದೇಶದಲ್ಲಿ ಕೈಮಗ್ಗದ ಕೇಂದ್ರಗಳು ಎದ್ದವು, ಸಾಗರದ ಜೈಲಿನೊಳಗೂ ಕೈದಿಗಳು ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುವುದನ್ನು ಕಲಿತರು. ನಮ್ಮ ಗಡಿಭಾಗದ ಬಸದಿಗಳಲ್ಲಿ ಅಭಿಷೇಕಕ್ಕೆ ಉಡುವ ಧೋತಿ ದುಪಟ್ಟಾಗಳನ್ನಾದರೂ ಕೈಮಗ್ಗದ ಹತ್ತಿಯವನ್ನೇ ಕೊಳ್ಳುತ್ತೇವೆಂದು ಪಂಚ ಮಂಡಳಿಯವರು ಠರಾವು ಮಾಡಿದರೆ ಒಂದೊಂದು ಊರಿನಿಂದ ಒಂದೆರಡು ಮಗ್ಗಕ್ಕೆ ವರ್ಷದ ಕೆಲಸ ಸಿಗುತ್ತದೆ.

ಇನ್ನು ಉಡಿ ತುಂಬುವ ಖಣದ ವಿಷಯ. ಗುಳೇದಗುಡ್ಡದ ಖಣ ಎಂಥ ಚೆಂದದ ಬಟ್ಟೆ! ಈಗ ಉಡಿಯಲ್ಲಿ ಬೀಳುವುದು ತೆಳ್ಳನೆಯ ಪಾಲಿಯೆಸ್ಟರ್ ತುಂಡು. ಅದನ್ನು ಯಾರೂ ಹೊಲಿಸುವುದಿಲ್ಲ. ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಬೀಗರ ಮನೆಗೆ, ಅಲ್ಲಿಂದ ಮತ್ತೆಲ್ಲಿಗೋ ಸುತ್ತುತ್ತಿರುತ್ತದೆ. ಕೊಟ್ಟ ಖಣವೇ ಮೂರು ವರ್ಷದ ಮೇಲೆ ತಮ್ಮ ಉಡಿಗೆ ಮರಳಿ ಬಂದದ್ದನ್ನು ಗುರುತು ಹಿಡಿದು ನಕ್ಕ ತಾಯಂದಿರು ಇದ್ದಾರೆ. ಐವತ್ತು ಜನರಿಗೆ ಅಂಥ ಖಣ ಹಂಚುವ ಬದಲು ಹತ್ತಿರದ ಐದು ಜನರಿಗೆ ಕೈಮಗ್ಗದ್ದು ಕೊಡಿ, ಉಳಿದವರಿಗೆ ಕಾಯಿ ಅಕ್ಕಿ ಸಾಕು. ಭೋಗೋಪಭೋಗ ಪರಿಮಾಣ ವ್ರತ ತೆಗೆದುಕೊಂಡು ಸೀರೆಯ ಲೆಕ್ಕ ಇಟ್ಟವರಿಗೆ ಇದು ಇನ್ನೂ ಸುಲಭ. ವರ್ಷಕ್ಕೆ ನಾಲ್ಕೇ ಸೀರೆ ಎಂದು ನಿಯಮ ಮಾಡಿದವರು ನಾಲ್ಕನ್ನೂ ನೇಕಾರನಿಂದ ಕೊಳ್ಳಬಹುದು, ಖರ್ಚು ಹೆಚ್ಚಾಗುವುದಿಲ್ಲ.

ಅತಿಚಾರಗಳಲ್ಲಿ ಪ್ರತಿರೂಪಕದ ಹಿಂದಿನದು ಹೀನಾಧಿಕ ಮಾನೋನ್ಮಾನ, ತಕ್ಕಡಿಯ ವಿಷಯ. ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ತೂಕದಲ್ಲಿ ಮೋಸವೇ ಇಲ್ಲ ಎಂದು ಕಿರಾಣಿ ಬಂಧುಗಳು ಕೆಲವರು ನನಗೆ ಹೇಳಿದ್ದಾರೆ. ಮುಂದಿನ ತಿಂಗಳು ಅದನ್ನು ನೋಡೋಣ.