ಕಿರುಚಾಟವೆಂದು ಕಿವಿ ಮುಚ್ಚುವವರಿಗೆ

ಪಾಶ್ಚಾತ್ಯರ ವಿರಹಗೀತೆಯೆಂದರೆ ಬರೇ ಕಿರುಚಾಟ, ಅದರಲ್ಲಿ ಭಾವವಿಲ್ಲ ಎಂದು ತೀರ್ಪು ಕೊಡುವ ವಿದ್ವಾಂಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು ಕೇಳುವುದು ಗಂಟಲನ್ನು ಮಾತ್ರ, ಹಿನ್ನೆಲೆಯನ್ನಲ್ಲ.

1975ರಲ್ಲಿ ಎರಿಕ್ ಕಾರ್ಮೆನ್ ಹಾಡಿದ, 1996ರಲ್ಲಿ ಸೆಲೀನ್ ಡಿಯೋನ್ ಮತ್ತೆ ಲೋಕಕ್ಕೆಲ್ಲ ಕೇಳಿಸಿದ 'ಆಲ್ ಬೈ ಮೈಸೆಲ್ಫ್' ಎಂಬ ಒಂಟಿತನದ ಹಾಡನ್ನೇ ತೆಗೆದುಕೊಳ್ಳಿ. ಅದರ ಚರಣದ ಧಾಟಿ ಬಂದದ್ದು ರಷ್ಯದ ರಖ್ಮಾನಿನೋವ್ ರಚಿಸಿದ ಎರಡನೆಯ ಪಿಯಾನೋ ಕನ್ಸರ್ಟೋದ ವಿಲಂಬಗತಿಯ ಭಾಗದಿಂದ. 1897ರಲ್ಲಿ ಮೊದಲ ಸಿಂಫನಿ ಸೋತು, ಮನಸ್ಸು ಕುಸಿದು, ವೈದ್ಯ ನಿಕೊಲಾಯ್ ಡಾಲ್ ಅವರ ಆರೈಕೆಯಲ್ಲಿ ಚೇತರಿಸಿಕೊಂಡವನು 1901ರಲ್ಲಿ ಮುಗಿಸಿ, ಅದೇ ವೈದ್ಯರಿಗೆ ಅರ್ಪಿಸಿದ ಕೃತಿ ಅದು. ಇದಕ್ಕೆ ಭಾವವಿಲ್ಲವೆ?

ಹಾರ್ಮನಿಯಲ್ಲೇನಿದೆ ಎನ್ನುವವರು ಭಜನಾಮಂದಿರದ ಹಾರ್ಮೋನಿಯಂ ಮುಂದೆ ಕುಳಿತುಕೊಳ್ಳಲಿ. ಮಧ್ಯಮ, ಚತುಶ್ರುತಿ ಧೈವತ, ಮೇಲಿನ ಷಡ್ಜ ಮೂರನ್ನೂ ಒಟ್ಟಿಗೆ ಒತ್ತಲಿ. ಬಳಿಕ ಧೈವತವೊಂದನ್ನೇ ಶುದ್ಧಕ್ಕೆ ಇಳಿಸಲಿ. ಮೇಲಿನ ಷಡ್ಜ ಅದೇ, ಆದರೆ ಅದರ ಮುಖ ಬಾಡಿರುತ್ತದೆ. ಅಳುವುದು ಕೆಳಗಿನ ಸ್ವರ. ಶ್ರುತಿಯೇರಿಸಿ ಕೂಗುವ ಕೂಗಿಗೆ ಬಲ ಬರುವುದೂ ಅಲ್ಲಿಂದಲೇ.

ನಮ್ಮ ಭಾಷೆಯನ್ನು ಕೇಳದೆಯೇ ತಳ್ಳಿಹಾಕುವವರನ್ನು ದಿನಾ ದೂರುವ ಗಡಿನಾಡ ಕನ್ನಡಿಗರು ನಾವು. ಇನ್ನೊಬ್ಬರ ಸಂಗೀತವನ್ನು ಕೇಳದೆಯೇ ತಳ್ಳಿಹಾಕುವ ಹಕ್ಕು ನಮಗೆಲ್ಲಿಂದ ಬಂತು?