ಹಿಟ್ಟು ತಿಂದ ಮೇಲೆ ಬೆಟ್ಟ ಕೀಳೋದು ಯಾರು?

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ ಜಾಸ್ತಿ ಅನ್ನೋದು ನೆಪ, ಸೋಮಾರಿತನ ಅನ್ನೋದು ಸತ್ಯ :-) ಆದರೆ ಹೋದ ಸಲ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆ ತಿಂತಾ ಇದೆ. ಬರೆದುಬಿಡೋಣ ಅಂತ ಕೂತಿದ್ದೀನಿ.

ನಮ್ಮೂರು ಹುಣಸೂರು ತಾಲ್ಲೂಕು. ಮನೆಯಲ್ಲಿ ಹೊಗೆಸೊಪ್ಪು ಬೆಳೀತೀವಿ. ಸೊಪ್ಪು ಮುರಿದ ಮೇಲೆ ಅದೇ ಹೊಲಕ್ಕೆ ರಾಗಿಯೋ ಹುರುಳಿಯೋ ಬೀಳುತ್ತೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ತೋರಿಸಿದ ಕಡೆ "ಅನ್ನ ಬಿಡಿ, ಮುದ್ದೆ ತಿನ್ನಿ" ಅಂತ ಒಂದೇ ಸಾಲಿನಲ್ಲಿ ಹೇಳಿ ಮಾತ್ರೆ ಬರೆದುಕೊಟ್ಟರು. ಅಪ್ಪನಿಗೆ ಇದಕ್ಕಿಂತ ಖುಷಿಯ ಮಾತು ಬೇರೆ ಬೇಕೇ? ರಾತ್ರಿ ಅನ್ನ ನಿಂತಿತು. ಅದರ ಜಾಗಕ್ಕೆ ಎರಡು ಮುದ್ದೆ ಬಂತು. ಎರಡು ವರ್ಷ ಕಳೆದರೂ ಶುಗರ್ ಮಾತ್ರ ಇಳೀಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.4 ಬಂತು. 6.5 ದಾಟಿದರೇ ಕಾಯಿಲೆ ಅನ್ನೋದು ಲೆಕ್ಕ. ನಾನು ಮುದ್ದೆ ಕಮ್ಮಿ ಮಾಡಪ್ಪ ಅಂದರೆ, "ಇಟ್ಟು ತಿಂದೋನ್ಗೆ ಸಕ್ಕರೆ ಕಾಯ್ಲೆ ಜಾಸ್ತಿ ಆದದೇನ್ಲಾ? ನಮ್ತಾತ ಮೂರು ಮುದ್ದೆ ಉಣ್ತಿದ್ದ, ಅವ್ನಿಗೇನಾಗಿತ್ತು?" ಅಂತ ನನಗೇ ತಿರುಗಿ ಕೇಳಿದರು.

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹುಡುಕಿಕೊಂಡು ಹೋದಾಗ ಸಿಕ್ಕಿದ್ದೇ ಗ್ಲೈಸಿಮಿಕ್ ಲೋಡ್ ಅನ್ನೋ ಪದ. ಕನ್ನಡದಲ್ಲಿ "ಸಕ್ಕರೆ ಹೊರೆ" ಅಂದುಕೊಳ್ಳೋಣ. (ಇದಕ್ಕಿಂತ ಒಳ್ಳೆಯ ಪದ ಇದ್ದರೆ ಹೇಳಿ.)

1981ರಲ್ಲಿ ಟೊರಾಂಟೋದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಗ್ಲೈಸಿಮಿಕ್ ಇಂಡೆಕ್ಸ್ ಅನ್ನೋ ಅಳತೆಯನ್ನು ತಂದರು. ಒಂದು ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತೆ ಅಂತ ಗ್ಲುಕೋಸ್ ಜೊತೆ ಹೋಲಿಸಿ ಅಂಕ ಕೊಡೋದು. ಗ್ಲುಕೋಸಿಗೆ 100. 55ರವರೆಗೆ ಕಡಿಮೆ, 70 ಮತ್ತು ಮೇಲೆ ಹೆಚ್ಚು. ಆದರೆ ಇದರಲ್ಲಿ ಒಂದು ತೊಡಕಿದೆ. ಇದು ಆಹಾರದ ಗುಣ ಹೇಳುತ್ತೆ, ನಾವು ಎಷ್ಟು ತಿಂದೆವು ಅನ್ನೋದನ್ನು ಹೇಳೋಲ್ಲ. ಹಾಗಾಗಿ 1997ರಲ್ಲಿ ಹಾರ್ವರ್ಡಿನವರು ಪ್ರಮಾಣವನ್ನೂ ಲೆಕ್ಕಕ್ಕೆ ತಂದರು. ತಿಂದ ಪಿಷ್ಟ ಎಷ್ಟು ಗ್ರಾಂ ಅನ್ನೋದನ್ನು ಇಂಡೆಕ್ಸಿನಿಂದ ಗುಣಿಸಿ 100ರಿಂದ ಭಾಗಿಸಿದರೆ ಬರೋದೇ ಹೊರೆ. ಒಂದು ಸಲ ಬಡಿಸಿಕೊಂಡ ಆಹಾರಕ್ಕೆ 10ರ ಒಳಗಿದ್ದರೆ ಕಡಿಮೆ, 20 ದಾಟಿದರೆ ಹೆಚ್ಚು.

ಸರಿ, ಅಮ್ಮನ ಅಡುಗೆಮನೆಗೆ ತಕ್ಕಡಿ ತಗೊಂಡು ಹೋದೆ. "ಉಣ್ಣೋದ್ನೂ ತೂಕ ಹಾಕ್ತೀಯಲ್ಲಪ್ಪ" ಅಂತ ಅಮ್ಮ ಬೈದರು. ಅಪ್ಪನ ಎರಡು ಮುದ್ದೆಗೆ 200 ಗ್ರಾಂ ಹಿಟ್ಟು. ಮೊದಲು ರಾತ್ರಿ ಉಣ್ಣುತ್ತಿದ್ದ ಅನ್ನಕ್ಕೆ 150 ಗ್ರಾಂ ಅಕ್ಕಿ.

ಅಕ್ಕಿಯಲ್ಲಿ ಪಿಷ್ಟ 100 ಗ್ರಾಂಗೆ ಸುಮಾರು 78 ಗ್ರಾಂ. 150ಕ್ಕೆ 117. ಇಂಡೆಕ್ಸ್ 70 ಅಂತಿಟ್ಟರೆ ಹೊರೆ 82.
ರಾಗಿಯಲ್ಲಿ ಜೀರ್ಣವಾಗುವ ಪಿಷ್ಟ 100 ಗ್ರಾಂಗೆ ಸುಮಾರು 67. 200ಕ್ಕೆ 134. ಅದಕ್ಕೂ 70 ಅಂತಿಟ್ಟರೆ ಹೊರೆ 94.

ರಾಗಿಯ ಇಂಡೆಕ್ಸ್ ಹೇಗೆ ಬೀಸಿದರು, ಹೇಗೆ ಬೇಯಿಸಿದರು ಅನ್ನೋದರ ಮೇಲೆ ತುಂಬಾ ಬದಲಾಗುತ್ತೆ. ಸ್ವಲ್ಪ ರಿಯಾಯಿತಿ ಕೊಟ್ಟು 60 ಅಂತ ಹಾಕಿದರೂ 80. ಅಂದರೆ ಅಪ್ಪ ಎರಡು ವರ್ಷ ಪಥ್ಯ ಅಂತ ಮಾಡಿದ್ದು ಹೊರೆಯನ್ನು ಇದ್ದಲ್ಲೇ ಇಟ್ಟುಕೊಂಡಿದ್ದು, ಇಲ್ಲಾ ಇನ್ನೂ ಏರಿಸಿಕೊಂಡಿದ್ದು!

ಇದು ನನ್ನ ಮನೆ ಲೆಕ್ಕ ಮಾತ್ರ ಅಲ್ಲ. 2025ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಆಹಾರ ಸಮೀಕ್ಷೆಯ ಪ್ರಕಾರ ನಮ್ಮ ದೇಶದವರು ತಿನ್ನುವ ಶಕ್ತಿಯ ಸುಮಾರು 62 ಶೇಕಡಾ ಪಿಷ್ಟದಿಂದಲೇ ಬರೋದು. ಅದರಲ್ಲೇ ಇನ್ನೊಂದು ಮಾತಿದೆ. ಪಾಲಿಶ್ ಧಾನ್ಯದ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದು, ಒಟ್ಟು ಪಿಷ್ಟ ಮಾತ್ರ ಅಷ್ಟೇ ಇಟ್ಟುಕೊಂಡರೆ, ಮಧುಮೇಹದ ಅಪಾಯ ಕಡಿಮೆಯಾದಂತೆ ಕಾಣಲಿಲ್ಲ. ಪಿಷ್ಟದ ಸ್ವಲ್ಪ ಪಾಲು ಬಿಟ್ಟು ಅಲ್ಲಿಗೆ ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನ್ ಬಂದ ಕಡೆ ಅಪಾಯ ಕಡಿಮೆ ಕಂಡಿತು.

ಹಾಗಾದರೆ ತಾತನಿಗೆ ಏನೂ ಆಗಲಿಲ್ಲವಲ್ಲ? "ಹಿಟ್ಟು ತಿಂದವ ಬೆಟ್ಟ ಕಿತ್ತ" ಅನ್ನೋ ಅರ್ಥದ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನಾವು ಗಾದೆಯ ಮೊದಲರ್ಧ ಮಾತ್ರ ಇಟ್ಟುಕೊಂಡು ಬೆಟ್ಟ ಕೀಳೋದನ್ನು ಬಿಟ್ಟಿದ್ದೀವಿ. ತಾತ ಹೊಲ ಉಳುತ್ತಿದ್ದುದು ಎತ್ತಿನ ಹಿಂದೆ ನಡೆದು. ಈಗ ಟ್ರ್ಯಾಕ್ಟರು. ಅಜ್ಜಿ ರಾಗಿಕಲ್ಲಿನಲ್ಲಿ ಬೀಸುತ್ತಿದ್ದ ಹಿಟ್ಟು ತರಿತರಿ, ಈಗ ಮಿಲ್ಲಿನದು ಪೌಡರ್ ಥರ ನುಣ್ಣಗೆ. ಕಣದಲ್ಲಿ ರಾಗಿ ಬಡಿಯೋರೂ ಇಲ್ಲ, ತೆನೆಯನ್ನು ರಸ್ತೆಗೆ ಹಾಸಿದರೆ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡ್ತವೆ. ದುಡಿಯೋ ಮಾಂಸಖಂಡ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತೆ. ದುಡಿಮೆ ನಿಂತು ತಟ್ಟೆ ಹಾಗೇ ಇದ್ದರೆ ಆ ಕೆಲಸವೆಲ್ಲ ಇನ್ಸುಲಿನ್ ಮೇಲೆ ಬೀಳುತ್ತೆ. ಮಿಕ್ಕಿದ್ದು ಯಕೃತ್ತಿನಲ್ಲೂ ಹೊಟ್ಟೆಯಲ್ಲೂ ಕೊಬ್ಬಾಗಿ ಕೂರುತ್ತೆ, ಆ ಕೊಬ್ಬು ಇನ್ಸುಲಿನ್ ಮಾತನ್ನು ದೇಹ ಕೇಳದ ಹಾಗೆ ಮಾಡುತ್ತೆ. ಹೃದಯಕ್ಕೂ ಇದರ ಬಿಸಿ ತಟ್ಟುತ್ತೆ. ಭಾರತವೂ ಸೇರಿ 20 ದೇಶಗಳ ಸುಮಾರು 1.38 ಲಕ್ಷ ಜನರನ್ನು ನೋಡಿದ 2021ರ ಪ್ಯೂರ್ ಅಧ್ಯಯನದಲ್ಲಿ ಹೆಚ್ಚು ಇಂಡೆಕ್ಸಿನ ಊಟ ಮಾಡೋರಿಗೆ ಹೃದಯಾಘಾತ, ಪಾರ್ಶ್ವವಾಯು, ಸಾವು ಹೆಚ್ಚು ಕಂಡಿತ್ತು. ಹೊರೆಯ ಲೆಕ್ಕದಲ್ಲಿ ನೋಡಿದಾಗ ಅದು ಸ್ಪಷ್ಟವಾಗಿ ಕಂಡಿದ್ದು ಮೊದಲೇ ಹೃದ್ರೋಗ ಇದ್ದವರಲ್ಲಿ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಕತೆಯನ್ನೂ ಹೇಳಬೇಕು. 1997-98ರಲ್ಲಿ ಅಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸುತ್ತಾ ಬಂದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತು ವರ್ಷಕ್ಕೇ ಮೈಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚು ಕಂಡಿತು. ಅಂದರೆ ಈ ಹೊರೆ ತಟ್ಟೆಯಿಂದ ತೊಟ್ಟಿಲಿಗೂ ದಾಟಬಲ್ಲದು. ನನ್ನ ತಂಗಿಯನ್ನು ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದೀವಿ, ಈಗ ಏಳು ತಿಂಗಳು. "ಇಬ್ಬರ ಊಟ ಉಣ್ಣು" ಅಂತ ಎಲ್ಲರೂ ಬಡಿಸೋದು ಅನ್ನವನ್ನೇ. ಒಂದು ಸಲ ಶುಗರ್ ಪರೀಕ್ಷೆ ಮಾಡಿಸು ಅಂತ ಫೋನಿನಲ್ಲಿ ಹಟ ಹಿಡಿದು ಹೇಳಿದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ನಾನು ಅನ್ನಕ್ಕಾಗಲಿ ರಾಗಿಗಾಗಲಿ ಶತ್ರು ಅಲ್ಲ. ಅಮ್ಮನ ತವರು ಕೆ.ಆರ್.ನಗರದ ಕಡೆ, ಕಾವೇರಿ ನಾಲೆ ಕೆಳಗೆ ಭತ್ತದ ಗದ್ದೆ. ಅಲ್ಲಿ ಅನ್ನ ಬಿಡಿ ಅಂದರೆ ನಗ್ತಾರೆ. ಎಚ್.ಡಿ.ಕೋಟೆ ಕಡೆಯ ಹಾಡಿಗಳಲ್ಲಿ ಕಾಡಿನ ಗೆಣಸು, ಸೊಪ್ಪು, ಜೇನು ತಿನ್ನುತ್ತಿದ್ದವರು ಕಾಡಿನಿಂದ ಆಚೆ ಬಂದ ಮೇಲೆ ಪಡಿತರದ ಅಕ್ಕಿಯನ್ನು ನಂಬಿಕೊಂಡಿದ್ದಾರೆ. 2013ರಲ್ಲಿ ಶುರುವಾದ ಅನ್ನಭಾಗ್ಯದ ಅಕ್ಕಿ ಎಷ್ಟೋ ಮನೆಯ ಹಸಿವು ನೀಗಿಸಿದೆ. ಬೆಂಗಳೂರಿನ ಎಸಿ ಆಫೀಸಿನಲ್ಲಿ ಕೂತು ಅದನ್ನು ಹಳಿಯೋ ಯೋಗ್ಯತೆ ನನಗಿಲ್ಲ. ನನ್ನ ತಕರಾರು ಒಂದೇ. ಹೊಟ್ಟೆ ತುಂಬಿಸಿದ್ದಾಯ್ತು, ಇನ್ನು ತಟ್ಟೆಯ ಉಳಿದರ್ಧದ ಬಗ್ಗೆ ಮಾತಾಡೋಣ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ ಇರುವ ಇಂದಿರಾ ಕಿಟ್‌ಗೆ ಒಪ್ಪಿಗೆ ಕೊಟ್ಟಾಗ ನನಗೆ ಖುಷಿಯಾಗಿದ್ದು ಇದಕ್ಕೇ. ನಮ್ಮ ಕಡೆಗೆ ಅದರ ಜೊತೆ ಹುರುಳಿ, ಅಲಸಂದೆ, ಅವರೆಯೂ ಇರಲಿ ಅಂತೀನಿ. ಬೆಳೆಯೋರು ನಾವೇ ಇದ್ದೀವಲ್ಲ!

ಇನ್ನು ಅಪ್ಪನ ಕತೆ. ಮುದ್ದೆ ಬಿಡಿಸಲಿಲ್ಲ, ಚಿಕ್ಕದು ಮಾಡಿದೆವು. ಈಗ 75 ಗ್ರಾಂ ಹಿಟ್ಟಿನ ಒಂದೇ ಮುದ್ದೆ, ಹೊರೆ 35. ಹುರುಳಿಕಾಳು ಸಾರಿನಲ್ಲಿ ಕಟ್ಟು ಮಾತ್ರ ಅಲ್ಲ, ಕಾಳೂ ತಟ್ಟೆಗೆ ಬರಬೇಕು. ಮೊದಲು ಸೊಪ್ಪಿನ ಪಲ್ಯ, ಆಮೇಲೆ ಮುದ್ದೆ. ಉಂಡ ಮೇಲೆ ಟಿವಿ ಮುಂದೆ ಕೂರದೆ ಬ್ಯಾರನ್ ತನಕ ನಡೆದು ಬರೋದು. ಡಾಕ್ಟರಿಗೆ ಮೊದಲೇ ಹೇಳಿದ್ದೆವು, ಮಾತ್ರೆ ತಗೊಳ್ಳೋರು ಸುಮ್ಮನೆ ಊಟ ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಮೂರು ತಿಂಗಳಿಗೆ 8.4 ಇದ್ದದ್ದು 7.3 ಆಯ್ತು, ಅದೇ ಮಾತ್ರೆಯಲ್ಲಿ. ಗೆದ್ದೆವು ಅಂತ ಅಲ್ಲ, ದಾರಿ ಸಿಕ್ಕಿತು ಅಂತ.

ನನ್ನದು? ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ 6.0 ಬಂದಿದೆ. ಕಾಯಿಲೆಯ ಹೊಸಿಲಿನ ಮೇಲೆ ನಿಂತ ಹಾಗೆ. ದಿನಕ್ಕೆ ಹತ್ತು ಗಂಟೆ ಕುರ್ಚಿ ಬಿಡದೆ ಕೂತು, ಭಾನುವಾರ ಮೆಸ್ಸಿನಲ್ಲಿ "ನಮ್ಮೂರ ಊಟ" ಅಂತ ಎರಡು ಮುದ್ದೆ ಬಾರಿಸೋ ನಾನು ಅಪ್ಪನಿಗೆ ಪಾಠ ಹೇಳ್ತಿದ್ದೆ ನೋಡಿ. ಮೊನ್ನೆ ಅದನ್ನು ಕೇಳಿ ಅಪ್ಪ ಜಾಸ್ತಿ ಏನೂ ಅನ್ನಲಿಲ್ಲ. "ನಿನ್ ತಟ್ಟೇನೂ ತೂಕ ಹಾಕ್ಲಾ" ಅಂದರು, ಅಷ್ಟೇ.

ನಿಮ್ಮ ಮನೆಯ ತಟ್ಟೆಯ ಲೆಕ್ಕ ಏನು ಹೇಳುತ್ತೆ? ಒಂದು ಸಲ ತೂಗಿ ನೋಡಿ, ಬಂದು ಹೇಳಿ.